ಎದ್ದವರನ್ನು ಎಲ್ಲಿಗೆ ಎಂದು ಕೇಳಬಾರದು

ನನ್ನ ಗಂಡನ ಎಟಿಎಂ ಕಾರ್ಡು ವರ್ಷಗಟ್ಟಲೆ ನನ್ನ ಪರ್ಸಿನಲ್ಲಿತ್ತು. ಇದನ್ನು ಕೇಳಿದ ಹೆಂಗಸರೆಲ್ಲ ಕಣ್ಣರಳಿಸಿ, ನಿಮ್ಮ ಪುಣ್ಯ ನೋಡ್ರಿ ಎನ್ನುತ್ತಿದ್ದರು. ಪುಣ್ಯವಂತೆ, ಪುಣ್ಯ! ದಿನಾ ಬೆಳಿಗ್ಗೆ ಐವತ್ತರ ಹತ್ತಿರ ಬಂದ ಗಂಡಸೊಬ್ಬ ಅಡುಗೆಮನೆ ಬಾಗಿಲಲ್ಲಿ ನಿಂತು ಸ್ಕೂಟರಿನ ಪೆಟ್ರೋಲಿಗೆ ದುಡ್ಡು ಕೇಳುತ್ತಾನೆ. ಒಲೆಯ ಮೇಲೆ ಒಗ್ಗರಣೆ ಸೀದು ಹೋಗುತ್ತಿರುತ್ತದೆ. ಅಂಥದ್ದರಲ್ಲಿ ನೀವು, ಮೊನ್ನೆ ತಾನೇ ಹಾಕಿಸಿದಿರಲ್ಲ ಎಂದು ವಿಚಾರಣೆ ನಡೆಸಬೇಕು. ಸಂಜೆ ಚಿಲ್ಲರೆ ವಾಪಸು ಕೇಳಬೇಕು. ಕೇಳಿದ ಮೇಲೆ ಅವನ ಮುಖ ನೋಡಿ ನೀವೇ ನಾಚಬೇಕು. ಜೈಲಿನಲ್ಲಿರುವ ಕೈದಿಗಾದರೂ ಬಿಡುಗಡೆಯ ದಿನ ಎಂಬುದೊಂದು ಇರುತ್ತದೆ, ಜೈಲರಿಗೆ ಅದೂ ಇಲ್ಲ.

ಕಾರ್ಡು ನನ್ನ ಕೈಗೆ ಬಂದದ್ದು ರಮ್ಮಿಯ ದೆಸೆಯಿಂದ. ಆಂಧ್ರಪ್ರದೇಶ ಇನ್ನೂ ಒಂದೇ ರಾಜ್ಯವಾಗಿದ್ದ ಕಾಲ ಅದು. ಹೈದರಾಬಾದಿನಲ್ಲಿ ಇಸ್ಪೀಟು ಆಡುವವರಿಗೆ ಕ್ಲಬ್ಬುಗಳ ಕೊರತೆ ಇರಲಿಲ್ಲ. ಇವರು ಲಿಂಗಂಪಲ್ಲಿ ಕಡೆಯ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ನಮ್ಮ ಕ್ವಾರ್ಟರ್ಸೂ ಅಲ್ಲೇ. ನಾನು ಲೋಕಲ್ ರೈಲು ಹಿಡಿದು ಊರೊಳಗಿನ ರಾಜ್ಯ ಸರ್ಕಾರದ ಕಚೇರಿಗೆ ಹೋಗುತ್ತಿದ್ದೆ. ಸೈಟಿಗೆ ಕಟ್ಟಬೇಕಾಗಿದ್ದ ಕಂತು ಒಂದು ಸಲ ಕ್ಲಬ್ಬಿನ ಮೇಜಿನ ಮೇಲೆ ಹೋಯಿತು, ಮರುವರ್ಷ ಸೈಟೇ ಹೋಯಿತು. ಆ ದಿನ ಇವರು ತಾವಾಗಿ ಕಾರ್ಡು ತಂದು ನನ್ನ ಕೈಗಿಟ್ಟು, ಇನ್ನು ಮೇಲೆ ನೀನೇ ಎಂದರು. ಅತ್ತು ಬಿಟ್ಟರು ಕೂಡ. ನನಗೂ ಆಗ ಗೆದ್ದ ಹಾಗೆ ಅನ್ನಿಸಿತ್ತು. ಎಂಥ ಹುಚ್ಚಿ ನಾನು.

ಕ್ಲಬ್ಬಿಗೆ ಹೋಗುವುದನ್ನು ಇವರು ನಿಲ್ಲಿಸಿದರು, ಸುಳ್ಳು ಹೇಳಬಾರದು. ಆದರೆ ನನ್ನ ಕಾವಲು ನಿಲ್ಲಲಿಲ್ಲ. ಇವರು ಅರ್ಧ ಗಂಟೆ ತಡವಾಗಿ ಬಂದರೆ ನಾನು ಬಾಗಿಲಿಗೆ ಬಂದು ರಸ್ತೆ ನೋಡುತ್ತ ನಿಲ್ಲುತ್ತಿದ್ದೆ. ಕಚೇರಿಯಲ್ಲಿ ಫೈಲು ನೋಡುತ್ತ ಕುಳಿತಾಗಲೂ ಮನಸ್ಸು ಪರ್ಸಿನ ಮೇಲೆ. ಒಂದು ದಿನ ಆ ಕಾರ್ಡನ್ನು ಇವರ ಕೈಗೆ ವಾಪಸು ಕೊಟ್ಟು, ನಿಮ್ಮ ದುಡ್ಡು ನಿಮ್ಮ ಲೆಕ್ಕ, ನನ್ನನ್ನು ಕೇಳಬೇಡಿ ಎಂದು ಹೇಳಬೇಕು ಎಂಬುದು ನನಗೆ ಒಂದು ಆಸೆಯಾಗಿ ಕೂತುಬಿಟ್ಟಿತ್ತು. ಬೇರೆ ಹೆಂಗಸರು ಬಂಗಾರದ ಪಾಟಲಿ ಬೇಕೆಂದು ಬಯಸುವಂತೆ ನಾನು ಇದನ್ನು ಬಯಸುತ್ತಿದ್ದೆ.

ಇದು ಇವರಿಗೂ ಗೊತ್ತಿತ್ತು. ಅದಕ್ಕೇ ಒಂದು ಭಾನುವಾರ ಊಟಕ್ಕೆ ಕುಳಿತಾಗ ಆ ಮಾತು ತೆಗೆದರು.

"ಆಟ ಬಿಡೂದು ದೊಡ್ಡ ಮಾತಲ್ಲ. ಏಳೂದು ದೊಡ್ಡ ಮಾತು," ಎಂದರು. "ಬಿಟ್ಟಾಂವಗ ತನ್ನ ಮ್ಯಾಲ ತನಗ ನಂಬಿಕಿ ಬರೂದಿಲ್ಲ. ಆಡಿ, ಹೊತ್ತಿಗಿ ಸರಿಯಾಗಿ ಎದ್ದ ಬಂದ್ನೆಪಾ ಅಂದ್ರ ಬರ್ತೈತಿ."

"ಅಂದ್ರ ಏನ್ ಮಾಡಬೇಕಂತೀರಿ?"

"ಗೋವಾದಾಗ ಹೊಳಿಯೊಳಗ ಕ್ಯಾಸಿನೋ ಹಡಗ ನಿಂತಿರತಾವಂತ. ಎರಡು ಮಧ್ಯಾಹ್ನ. ಗೊತ್ತುಮಾಡಿದ ದುಡ್ಡು. ನೀ ಬಾಜೂಕ ಕೂಡು, ಒಂದ ಮಾತ ಆಡಬ್ಯಾಡ. ನಾನಾಗೇ ಎದ್ದು ಬಂದೆ ಅಂದ್ರ ಕಾರ್ಡ್ ನನಗ ಕೊಡು."

ಕುಡಿತ ಬಿಟ್ಟವನು ಬಾರಿನಲ್ಲಿ ಪರೀಕ್ಷೆ ಬರೆಯುತ್ತೇನೆ ಎಂದ ಹಾಗಿತ್ತು. ನನಗೆ ಅದು ಕಾಣಿಸಲಿಲ್ಲವೆಂದಲ್ಲ. ಆದರೆ ಕಾರ್ಡು ಕೊಟ್ಟುಬಿಡುವ ಆಸೆ ಇವರ ಆಟದ ಆಸೆಗಿಂತ ಕಡಿಮೆಯದೇನೂ ಆಗಿರಲಿಲ್ಲ. ಹೂಂ ಎಂದೆ.

ಆಮೇಲೆ ಇವರು ಮಾಡಿದ ಸಿದ್ಧತೆಯನ್ನು ನೋಡಬೇಕಾಗಿತ್ತು. ಇವರ ಅಜ್ಜಿಯದೊಂದು ಎಲೆ ಅಡಿಕೆಯ ಸಂಚಿ ಪೆಟ್ಟಿಗೆಯ ತಳದಲ್ಲಿತ್ತು. ಖಣದ ಬಟ್ಟೆಯದು, ಒಂದರ ಹಿಂದೆ ಒಂದು ಕಿಸೆ, ಸುತ್ತಿ ಕಟ್ಟಲು ಉದ್ದನೆಯ ದಾರ. ಇವರು ಅದನ್ನು ಬಿಸಿಲಿಗೆ ಹಾಕಿ ತಮ್ಮ ಖಜಾನೆ ಮಾಡಿಕೊಂಡರು. ಎಲೆ ಇಡುತ್ತಿದ್ದ ಕಿಸೆಯಲ್ಲಿ ಮೊದಲ ದಿನದ ಆಟದ ದುಡ್ಡು, ಅಡಿಕೆಯದರಲ್ಲಿ ಎರಡನೆಯ ದಿನದ್ದು. ತಂಬಾಕಿನ ಕಿಸೆಯಲ್ಲಿ ಊಟ, ಲಾಡ್ಜು, ಆಟೋ. ಗೆದ್ದದ್ದೇನಿದ್ದರೂ ಸುಣ್ಣದ ಡಬ್ಬಿಯ ಕಿಸೆಗೆ ಹೋಗಬೇಕು, ಅದನ್ನು ಮನೆಗೆ ಬರುವವರೆಗೆ ಬಿಚ್ಚುವಂತಿಲ್ಲ. ದಿನದ ದುಡ್ಡಿನಲ್ಲಿ ಅರ್ಧ ಹೋದರೆ ಏಳಬೇಕು. ಅರ್ಧದಷ್ಟು ಗೆದ್ದು ಮೇಲೆ ಬಂದರೂ ಏಳಬೇಕು. ಒಂದು ಕಿಸೆಯ ದುಡ್ಡು ಇನ್ನೊಂದಕ್ಕೆ ಸಾಲವಾಗಿ ಕೂಡ ಹೋಗಬಾರದು. ನಾನು ಸರ್ಕಾರಿ ಕಚೇರಿಯವಳು, ಒಂದು ಬಾಬಿನ ಹಣ ಇನ್ನೊಂದು ಬಾಬಿಗೆ ಹೋಗಬಾರದು ಎಂಬ ಮಾತು ಕೇಳಿದರೆ ನನಗೆ ಭಕ್ತಿ ಉಕ್ಕುತ್ತದೆ. ಆ ಸಂಚಿ ನೋಡಿ ನಾನು ಅರ್ಧ ಸೋತೆ.

ಮನೆಯಲ್ಲಿ ತಾಲೀಮೂ ನಡೆಯಿತು. ಚಹಾ ಆದ ಮೇಲೆ ನಾನು, ಇವರು, ನಮ್ಮತ್ತೆ ಮೂವರೂ ಶೇಂಗಾ ಪಣಕ್ಕಿಟ್ಟು ಅಂದರ್ ಬಾಹರ್ ಆಡುತ್ತಿದ್ದೆವು. ಅತ್ತೆಗೆ ಹಲ್ಲು ಗಟ್ಟಿ. ಆಟ ಮುಗಿಯುವ ಮೊದಲೇ ತಮ್ಮ ಬಂಡವಾಳವನ್ನು ತಿಂದು ಮುಗಿಸಿ ಮಗನ ಗುಡ್ಡೆಗೆ ಕೈಹಾಕುತ್ತಿದ್ದರು. ಇವರು ಮಾತ್ರ ಅರ್ಧ ಶೇಂಗಾ ಹೋದ ಕೂಡಲೇ, ಮುಗೀತು, ಎಂದು ಠೀವಿಯಿಂದ ಏಳುತ್ತಿದ್ದರು. ಏನು ಚೆಂದ ಏಳುತ್ತಿದ್ದರು ಅಂತೀರಿ! ಪಂಚೆ ಝಾಡಿಸಿ, ಹಿಂದಿರುಗಿ ಕೂಡ ನೋಡದೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಕಡೆ, ಅಂದರೆ ಕಲಬುರಗಿ ಕಡೆ, ಹೊರಟು ನಿಂತವರನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ತಿಳಿಯಲೇಬೇಕಾದರೆ, ದೂರ ಹೊಂಟ್ರೇನು, ಎನ್ನುತ್ತೇವೆ. ನಮ್ಮ ತೆಲುಗು ನೆರೆಯವರೂ ಅಷ್ಟೇ, ಎಂತ ದೂರಂ ಎಂದೇ ಕೇಳುವುದು. ಯಾರಾದರೂ ಮರೆತು ಎಲ್ಲಿಗೆ ಎಂದುಬಿಟ್ಟರೆ ಹೊರಟವರು ಒಳಗೆ ಬಂದು ಒಂದು ಗಳಿಗೆ ಕುಳಿತು, ನೀರು ಕುಡಿದು, ಮತ್ತೆ ಹೊರಡಬೇಕು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಇವರು ಡ್ಯೂಟಿಗೆ ಹೊರಟಾಗ, ಮೇಲಿನ ಮನೆಗೆ ಹೊಸದಾಗಿ ಬಂದಿದ್ದ ಉತ್ತರದ ಕಡೆಯವರು, "ಕಹಾಂ ಚಲೇ ಭಾಯ್‌ಸಾಬ್?" ಎಂದು ನಗುತ್ತ ಕೇಳಿದರು. ಅತ್ತೆ ಒಳಗಿಂದಲೇ ಕೂಗಿದರು.

"ಬಾರೋ ಯಪ್ಪಾ, ಕೂಡು. ಎಲ್ಲಿಗಿ ಅಂದಬಿಟ್ಟಾ ಅಂವಾ. ಒಂದೀಟು ನೀರ ಕುಡದು ಹೋಗು."

"ಅವ್ವಾ, ಫ್ಯಾಕ್ಟರಿ ಗೇಟು ನಿನ್ನ ನೀರಿನ ಸಲುವಾಗಿ ತೆರದ ಇರೂದಿಲ್ಲ. ಯಾವ ಕಾಲದಾಗ ಅದಿ?" ಎಂದು ಇವರು ಸ್ಕೂಟರು ಒದ್ದು ಹೊರಟೇ ಹೋದರು. ಸಂಜೆ ಬಂದ ಮೇಲೂ ತಾಯಿಯನ್ನು ಆಡಿಕೊಂಡು ನಕ್ಕರು. ಅತ್ತೆ ಮುಖ ಊದಿಸಿಕೊಂಡು ಆ ದಿನ ಶೇಂಗಾ ಆಟಕ್ಕೆ ಬರಲಿಲ್ಲ.

ಗೋವಾಕ್ಕೆ ಅಮೀರ್‌ಪೇಟೆಯಿಂದ ಬಸ್ಸು. ಕೋಚಿಂಗಿಗೆ ಬಂದ ಹುಡುಗರ ಗದ್ದಲದ ನಡುವೆ ಸಂಚಿಯನ್ನು ಬನಿಯನ್ನಿನೊಳಗೆ ಸಿಕ್ಕಿಸಿಕೊಂಡು ನಿಂತಿದ್ದ ಇವರನ್ನು ನೋಡಿ ನನಗೆ ನಗು ಬಂತು, ಸ್ವಲ್ಪ ಪ್ರೀತಿಯೂ ಬಂತು. ಪಣಜಿಯಲ್ಲಿ ಸಣ್ಣದೊಂದು ಲಾಡ್ಜು. ಮರುದಿನ ಮಧ್ಯಾಹ್ನ ಊಟ ಮಾಡಿ, ದಡದಿಂದ ಸಣ್ಣ ದೋಣಿಯಲ್ಲಿ ಹಡಗಿಗೆ ಹೋದೆವು. ಒಳಗೆ ಮೆತ್ತನೆಯ ಹಾಸು, ಎಸಿಯ ಥಂಡಿ. ನಾನು ಸೆರಗು ಹೊದ್ದು ಇವರ ಹಿಂದೆ ಒಂದು ಸ್ಟೂಲಿನ ಮೇಲೆ ಕುಳಿತೆ. ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಅದು ನನ್ನ ಪಾಲಿನ ಕರಾರು.

ಇವರು ಎಲೆಯ ಕಿಸೆ ಬಿಚ್ಚಿ, ಅದರಲ್ಲಿದ್ದಷ್ಟು ದುಡ್ಡಿಗೇ ಆಟದ ಬಿಲ್ಲೆಗಳನ್ನು ತೆಗೆದುಕೊಂಡು ಅಂದರ್ ಬಾಹರ್ ಮೇಜಿಗೆ ಕುಳಿತರು. ಇಸ್ಪೀಟಿನ ಎಲೆ ಹಂಚುತ್ತಿದ್ದ ಹುಡುಗಿಯ ಕೈ ಚುರುಕಾಗಿತ್ತು. ಇವರು ಒಂದು ಸಲಕ್ಕೆ ಒಂದೇ ಬಿಲ್ಲೆ ಇಡುತ್ತಿದ್ದರು. ಪಕ್ಕದವರು ಗುಡ್ಡೆಗಟ್ಟಲೆ ಸುರಿದು ಕೂಗಾಡಿದರೂ ಇವರದು ಒಂದೇ. ಸೋತರೂ ಒಂದು, ಗೆದ್ದರೂ ಒಂದು. ನೋಡುತ್ತ ನೋಡುತ್ತ ಅರ್ಧದಷ್ಟು ಮೇಲೆ ಬಂತು. ಇವರು ಬಿಲ್ಲೆಗಳನ್ನು ಒಟ್ಟು ಮಾಡಿ, "ಮುಗೀತು," ಎಂದು ಎದ್ದೇ ಬಿಟ್ಟರು.

ನನಗಾದ ಸಂತೋಷ ಹೇಳತೀರದು. ಕಾರ್ಡು ಆಗಲೇ ನನ್ನ ಪರ್ಸಿನಿಂದ ಹಾರಿ ಹೋದಂತೆ ಹಗುರಾದೆ. ಅಷ್ಟರಲ್ಲಿ ಸೂಟು ಹಾಕಿದ ಮ್ಯಾನೇಜರೊಬ್ಬರು ಆದರದಿಂದ ಓಡಿ ಬಂದು, "ಅರೆ ಸರ್, ಕಹಾಂ ಚಲೇ? ಅಭೀ ತೋ ಆಯೇ ಹೈಂ!" ಎಂದರು.

ಇವರು ನಿಂತಲ್ಲೇ ನಿಂತರು. ನನ್ನ ಕಡೆ ತಿರುಗಿ, "ಎಲ್ಲಿಗಿ ಅಂದಬಿಟ್ಟಾ," ಎಂದರು. ಮತ್ತೆ ಕುರ್ಚಿ ಎಳೆದು ಕುಳಿತು ನೀರು ತರಿಸಿದರು.

ಕರಾರು ಮುರಿದು ನಾನು ಪಿಸುಗುಟ್ಟಿದೆ. "ನೀವು ಇದನ್ನೆಲ್ಲ ನಂಬೂದಿಲ್ಲಲ್ರಿ?"

"ನಂಬೂ ಪ್ರಶ್ನೆ ಅಲ್ಲ. ಸಣ್ಣ ದೋಣಿಯೊಳಗ ಹೊಳಿ ದಾಟಬೇಕು. ಯಾಕ ಬೇಕು ಹೇಳು? ಒಂದೀಟು ಕುಂತು ಹೋಗೂಣು."

ಹೆತ್ತ ತಾಯಿ ಅಂಗಲಾಚಿದಾಗ ಯಾವ ಕಾಲದಾಗ ಅದಿ ಎಂದ ಮನುಷ್ಯ! ಶುಕ್ರವಾರ ಕ್ಷೌರ ಮಾಡಿಸಿಕೊಳ್ಳುವ, ರಾಹುಕಾಲದಲ್ಲಿ ಸ್ಕೂಟರು ಕೊಂಡ ಮನುಷ್ಯ! ನೀರು ಕುಡಿದದ್ದಾಯಿತು. ಕುಳಿತ ಮೇಲೆ ಕೈ ಸುಮ್ಮನಿರುತ್ತದೆಯೇ? ಒಂದು ಬಿಲ್ಲೆ ಇಟ್ಟರು, ಎರಡಿಟ್ಟರು. ಗೆದ್ದದ್ದು ಸುಣ್ಣದ ಕಿಸೆಯನ್ನು ಕಾಣಲೇ ಇಲ್ಲ. ಅಸಲು ಅರ್ಧವಾಯಿತು, ಆಗ ಏಳಲಿಲ್ಲ. ಎಲೆಯ ಕಿಸೆ ಪೂರ್ತಿ ಖಾಲಿಯಾದಾಗ ಎದ್ದರು. ಆಗ ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ, ಬಿಡಿ.

"ಆ ಮ್ಯಾನೇಜರ್‌ಗ ರೀತಿರಿವಾಜು ಗೊತ್ತಿಲ್ಲ," ಎಂದು ದೋಣಿಯಲ್ಲಿ ಬಯ್ದುಕೊಂಡರು. "ಇರ್ಲಿ, ಎರಡನೇ ಕಿಸೆ ಮುಟ್ಟಿಲ್ಲ ನೋಡು. ಡಿಸಿಪ್ಲಿನ್ ಕೆಟ್ಟಿಲ್ಲ." ನನಗೆ ಹೊಳೆಗೆ ಹಾರಿಬಿಡಬೇಕೆನಿಸಿತು. ಅಥವಾ ಇವರನ್ನು ತಳ್ಳಬೇಕೆನಿಸಿತು.

ಆದರೂ ಆಸೆ ಎಂಬುದು ಹಠಮಾರಿ. ಎರಡನೆಯ ದಿನ ಹಡಗು ಹತ್ತಿದ ಕೂಡಲೇ, ಇವರು ಬಿಲ್ಲೆ ಕೊಳ್ಳಲು ಸಾಲಿನಲ್ಲಿ ನಿಂತಿದ್ದಾಗ, ನಾನು ಆ ಮ್ಯಾನೇಜರನ್ನು ಹುಡುಕಿ ಹಿಡಿದೆ. ನನ್ನ ಹೈದರಾಬಾದಿ ಹಿಂದಿಯಲ್ಲಿ ವಿನಂತಿಸಿದೆ. ನಮ್ಮ ಯಜಮಾನರು ಎದ್ದಾಗ ಯಾರೂ ಕಹಾಂ ಅನ್ನಬಾರದು. ನಮ್ಮಲ್ಲಿ ಅದು ಅಶುಭ. ಅವರು ಬೆಳ್ಳುಳ್ಳಿ ಇಲ್ಲದ ಊಟ ಬೇಕೆಂದು ಕೇಳಿದವರಿಗೆ ತಲೆಯಾಡಿಸುವಂತೆ ಗಂಭೀರವಾಗಿ ತಲೆಯಾಡಿಸಿದರು. ಎಲೆ ಹಂಚುವ ಹುಡುಗಿಯ ಕಿವಿಯಲ್ಲೂ ಏನೋ ಹೇಳಿದರು. ಇನ್ನೇನು ಅಡ್ಡಿ ಎಂದು ನಾನು ನನ್ನ ಸ್ಟೂಲು ಸೇರಿದೆ.

ಆ ದಿನ ಎಲೆಗಳು ಇವರ ಕಡೆಗಿರಲಿಲ್ಲ. ಒಂದೊಂದೇ ಬಿಲ್ಲೆ ಹೋಗುತ್ತ ಹೋಗುತ್ತ ಅರ್ಧಕ್ಕೆ ಬಂತು. ಇವರು ಎದ್ದರು. ಹುಡುಗಿ ತಲೆ ತಗ್ಗಿಸಿ ಎಲೆ ಜೋಡಿಸುತ್ತಿದ್ದಳು. ಮ್ಯಾನೇಜರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ.

ಇವರು ನಿಂತೇ ಇದ್ದರು. ಉಳಿದ ಬಿಲ್ಲೆಗಳನ್ನು ಒಂದು ಸಲ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಕೆಮ್ಮಿದರು. "ಅಚ್ಛಾ, ಚಲ್ತಾ ಹೂಂ," ಎಂದು ತಾವು ಹೊರಟದ್ದು ಮೇಜಿಗೆಲ್ಲ ಕೇಳುವಂತೆ ಹೇಳಿದರು. ಮ್ಯಾನೇಜರು ಕೈ ಮುಗಿದು ನಕ್ಕರು, ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದ ಒಬ್ಬರು ಕುರ್ಚಿ ಸರಿಸಿ ದಾರಿ ಮಾಡಿಕೊಟ್ಟರು. ದಾರಿ ಪೂರ್ತಿ ತೆರೆದಿತ್ತು. ಇವರು ಆ ದಾರಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನೀನೂ ಕೇಳಲಿಲ್ಲಲ್ಲ?" ಎಂದರು.

"ಏನು?"

"ಎಲ್ಲಿಗಿ ಹೊಂಟ್ರಿ ಅಂತ."

ಇವರಿಗೆ ಬೇಕಾಗಿದ್ದದ್ದು ತಡೆಯುವ ಒಬ್ಬರು, ಅಷ್ಟೇ. ಕೂಡಿಸಲಿಕ್ಕೂ ಯಾರೋ ಒಬ್ಬರು ಬೇಕು, ಎಬ್ಬಿಸಲಿಕ್ಕೂ ಯಾರೋ ಒಬ್ಬರು ಬೇಕು, ತಾವಾಗಿ ಮಾತ್ರ ಯಾವುದೂ ಆಗಬಾರದು. ಇಷ್ಟು ವರ್ಷ ಸಂಸಾರ ಮಾಡಿ ಇದು ನನಗೆ ತಿಳಿದದ್ದು ಒಂದು ಇಸ್ಪೀಟಿನ ಮೇಜಿನ ಪಕ್ಕದಲ್ಲಿ.

"ಕಾಲ ನೋಯಾಕತ್ತಾವ," ಎಂದು ಇವರು ಮತ್ತೆ ಕುಳಿತರು.

ಅಡಿಕೆಯ ಕಿಸೆ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನು ಹಲ್ಲು ಕಚ್ಚಿ ಕುಳಿತೆ, ದವಡೆ ನೋಯುವಷ್ಟು. ಎಬ್ಬಿಸುವ ಒಂದು ಮಾತು ನನ್ನ ಬಾಯಿಂದ ಬಂದರೆ ಪರೀಕ್ಷೆ ಮುಗಿಯಿತು, ಕಾರ್ಡು ನನ್ನ ಪರ್ಸಿನಲ್ಲೇ ಉಳಿಯಿತು ಎಂದು ಗೊತ್ತಿತ್ತು. ಏಳ್ರಿ, ನೀವಾಗೇ ಏಳ್ರಿ ಎಂದು ಆ ಬೆನ್ನಿಗೆ ಮನಸ್ಸಿನಲ್ಲೇ ಹೇಳುತ್ತಿದ್ದೆ. ಇವರ ಕೈ ತಂಬಾಕಿನ ಕಿಸೆಯ ಕಡೆ ಹೋಯಿತು. ಊಟದ ದುಡ್ಡು, ಲಾಡ್ಜಿನ ದುಡ್ಡು. ದಾರ ಬಿಚ್ಚತೊಡಗಿದರು. ಬಹಳ ನಿಧಾನವಾಗಿ ಬಿಚ್ಚುತ್ತಿದ್ದರು.

"ಏಳ್ರಿ," ಎಂದೆ.

ಒಂದೇ ಮಾತು, ದನಿ ಕೂಡ ಏರಿಸಿರಲಿಲ್ಲ. ಗಂಟೆ ಬಾರಿಸಿದಾಗ ಶಾಲೆಯ ಮಕ್ಕಳು ಏಳುವಂತೆ ಇವರು ತಟ್ಟನೆ ಎದ್ದರು. ಸಂಚಿ ಸುತ್ತಿ ಒಳಗೆ ಸೇರಿಸಿ ನನಗಿಂತ ಮುಂದೆ ದೋಣಿಯ ಕಡೆ ನಡೆದರು. ಹಿಂದಿನಿಂದ ನೋಡುತ್ತ ಬಂದೆ. ಸೋತವರ ನಡಿಗೆ ಅಲ್ಲ ಅದು. ಭುಜ ಸಡಿಲವಾಗಿತ್ತು, ಹೆಜ್ಜೆ ಹಗುರವಾಗಿತ್ತು.

ವಾಪಸು ರೈಲಿನಲ್ಲಿ ಬಂದೆವು. ಬೆಳಗಿನ ಬಿಸಿಲು, ಎದುರಿನ ಸೀಟು ಖಾಲಿ. ಇವರು ಇಡ್ಲಿಯ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದು ಸಮಾಧಾನದಿಂದ ಶುರು ಮಾಡಿದರು.

"ನೋಡು, ಮೂರನೇ ಕಿಸೆ ಉಳೀತಲ್ಲ. ನೀ ಏಳ್ರಿ ಅಂದಿ, ನಾ ಎದ್ದೆ. ಮೊದಲಿನಂಗ ಇದ್ದಿದ್ರ ಏಳತಿದ್ನೇನು? ಡಿಸಿಪ್ಲಿನ್ ಅಂದ್ರ ಇದ."

ನಾನು ಪರ್ಸು ತೆಗೆದೆ. ಕಾರ್ಡು ಹೊರಗೆ ತೆಗೆದು ಇವರ ಅಂಗಿಯ ಜೇಬಿಗೆ ಹಾಕಿದೆ. "ತಗೋರಿ. ಪಾಸಾದ್ರೋ ನಪಾಸಾದ್ರೋ ನನಗ ಬ್ಯಾಡ. ನಿಮ್ಮದು ನೀವ ಇಟ್ಕೋರಿ."

ಇವರ ಮುಖದ ಬಣ್ಣವೇ ಹೋಯಿತು. ಮಡಿಲಿಗೆ ಚೇಳು ಬಿದ್ದವರಂತೆ ಎರಡು ಬೆರಳಲ್ಲಿ ಕಾರ್ಡು ಎತ್ತಿ ನನ್ನ ಪರ್ಸಿನೊಳಗೇ ತುರುಕಿ, ಜಿಪ್ಪನ್ನೂ ತಾವೇ ಎಳೆದರು.

"ಬ್ಯಾಡ ಬ್ಯಾಡ. ನಿನ್ನ ಹಂತೇಕ ಇರ್ಲಿ. ನಿನ್ನ ಹಂತೇಕ ಐತಿ ಅಂದ್ರ ನಾ ಆರಾಮ ಇರ್ತೀನಿ. ಭಾಳ ಆರಾಮ." ಮನಸ್ಸು ಬಿಚ್ಚಿ ಹೇಳುತ್ತಿದ್ದರು, ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದರು. "ನಿನಗೇನು ಭಾರ ಅದು? ಒಂದ ಕಾರ್ಡು."

ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಹೊರಗೆ ನೋಡುತ್ತ, "ನನಗ ಸಾಕಾಗೇತ್ರಿ," ಎಂದೆ.

"ಸಾಕಾಗದ ಏನು? ಎರಡ ದಿವಸ ಬರೇ ತಿರುಗಾಟ. ಮನಿಗಿ ಹೋಗಿ ನಿವಾಂತ ಮಲಕೊಳ್ಳವಂತಿ," ಎಂದು ಇವರು ತಮ್ಮ ಶಾಲು ನಾಲ್ಕು ಮಡಿಕೆ ಮಾಡಿ ಕಿಟಕಿಗೆ ಒತ್ತಿಟ್ಟು, ನನ್ನ ತಲೆಯನ್ನು ಮೆಲ್ಲಗೆ ಅದಕ್ಕೆ ಒರಗಿಸಿದರು. ಆಮೇಲೆ ಉಳಿದ ಇಡ್ಲಿ ತಿಂದು, ಎದುರಿನ ಸೀಟಿನ ಮೇಲೆ ಕಾಲು ಚಾಚಿ, ಯಾವ ಚಿಂತೆಯೂ ಇಲ್ಲದವರ ಹಾಗೆ ನಿದ್ದೆ ಹೋದರು. ನಾನು ಪರ್ಸಿನ ಮೇಲೆ ಕೈಯಿಟ್ಟುಕೊಂಡು ಎಚ್ಚರವಾಗಿ ಕುಳಿತೆ.